ಮಗಳಿಗೆ ಇನ್ನೂ 14, ಈಗಲೇ ಮುಂದಿನ ಚಿಂತೆ ಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಬೌದ್ಧಿಕ ಅಂಗವೈಕಲ್ಯ ಇದೆ. ಈಗ 14 ವರ್ಷ. ಶಾಲೆ ಮುಗಿಯಲು ನಾಲ್ಕು ವರ್ಷ ಇದೆ. ಆಮೇಲೇನು ಅಂತ ಈಗಲೇ ಪ್ಲಾನ್ ಮಾಡಬೇಕಾ, ಇಲ್ಲಾ ಕಾಯಬಹುದಾ?

ಕಾಯಬೇಡಿ. ಹೆದರಿಸೋಕೆ ಹೇಳುತ್ತಿಲ್ಲ. ನಾಲ್ಕು ವರ್ಷ ಕೇಳೋಕೆ ಜಾಸ್ತಿ ಅನಿಸುತ್ತದೆ, ಒಂದು ಸಣ್ಣ ಕೆಲಸ ಕೈಗೆ ಹತ್ತೋಕೇ ಆರು ತಿಂಗಳು ಹಿಡಿಯುವಾಗ ಅದೇನೂ ಜಾಸ್ತಿಯಲ್ಲ. ಅಮೆರಿಕದಲ್ಲಿ ಇದು ಕಾನೂನಿನಲ್ಲೇ ಇದೆ: ವಿಶೇಷ ಶಿಕ್ಷಣದ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಶಾಲೆಯ ನಂತರದ ಯೋಜನೆ ಬರಹದಲ್ಲಿ ಇರಬೇಕು. 2004ರ ತಿದ್ದುಪಡಿಗೆ ಮೊದಲು ಅದು 14ಕ್ಕೇ ಶುರುವಾಗಬೇಕಿತ್ತು. ನನ್ನನ್ನು ಕೇಳಿದರೆ ಹಳೇ ಲೆಕ್ಕವೇ ಸರಿ.

ಪ್ಲಾನ್ ಅಂದ ಕೂಡಲೇ ಫೈಲು, ಮೀಟಿಂಗು ನೆನಪಾಗುತ್ತವೆ. ಅವು ಆಮೇಲೆ ಇರಲಿ. ಇವತ್ತು ಬೆಳಿಗ್ಗೆ ಅವಳ ಮಾತ್ರೆ ಯಾರು ತೆಗೆದುಕೊಟ್ಟರು? ನೀವೇ ಅಲ್ವಾ? ಸ್ಟ್ರಿಪ್ ಒತ್ತಿ, ನೀರಿನ ಲೋಟ ಕೈಗಿಟ್ಟು, ನುಂಗುವವರೆಗೂ ನಿಂತು ನೋಡಿರುತ್ತೀರಿ. ಈ ಒಂದು ಕೆಲಸವನ್ನೇ ತುಂಡು ಮಾಡಿ: ಅಲಾರಂ ಕೇಳಿ ಏಳುವುದು, ದಿನಕ್ಕೊಂದು ಖಾನೆ ಇರುವ ಮಾತ್ರೆ ಡಬ್ಬಿ ತರುವುದು, ಇವತ್ತಿನ ಖಾನೆ ಹುಡುಕುವುದು, ನೀರು ಬಗ್ಗಿಸಿಕೊಳ್ಳುವುದು, ನುಂಗುವುದು, ಡಬ್ಬಿ ಮುಚ್ಚಿಡುವುದು. ಕೊನೆಯಿಂದ ಕಲಿಸುತ್ತಾ ಬನ್ನಿ. ಮೊದಲು ಡಬ್ಬಿ ಮುಚ್ಚಿಡುವುದಷ್ಟೇ ಅವಳದು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆಯೂ ಅವಳಿಗೆ. ಹೀಗೆ ಮಾಡಿದರೆ ದಿನಾ ಕೆಲಸ ಮುಗಿಸಿದ ಖುಷಿ ಅವಳಿಗೇ ಸಿಗುತ್ತದೆ, ವಿಶೇಷ ಶಿಕ್ಷಕರು ಈ ದಾರಿ ಹಿಡಿಯುವುದೂ ಅದಕ್ಕೇ. (ಹಾಗಂತ ನೀವು ಆಚೆ ಹೋಗಬೇಡಿ, ಮಾತ್ರೆ ವಿಷಯ, ದೂರದಿಂದ ಒಂದು ಕಣ್ಣು ಇರಲಿ.)

ಇನ್ನೊಂದು ತೊಡಕಿದೆ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಕೈಕೊಡುತ್ತದೆ. ತರಗತಿಯಲ್ಲಿ ಆಟದ ನೋಟು ಸರಿಯಾಗಿ ಎಣಿಸುವವಳು ನಿಜವಾದ ಕೌಂಟರ್ ಮುಂದೆ, ಹಿಂದೆ ನಾಲ್ಕು ಜನ ನಿಂತಾಗ, ತಬ್ಬಿಬ್ಬಾಗುತ್ತಾಳೆ. ಹಾಗಾಗಿ ಅಭ್ಯಾಸ ಆ ಜಾಗದಲ್ಲೇ ಆಗಬೇಕು. ಉದ್ಯೋಗವೂ ಅಷ್ಟೇ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯೊಂದರಲ್ಲಿ 1996ರಲ್ಲಿ ಶುರುವಾದ ಪ್ರಾಜೆಕ್ಟ್ ಸರ್ಚ್ ಅನ್ನುವ ಉದ್ಯೋಗ ತರಬೇತಿಯಲ್ಲಿ ವಿದ್ಯಾರ್ಥಿಗಳು ಶಾಲೆಯ ಕೊನೆಯ ವರ್ಷವನ್ನು ನಿಜವಾದ ಕೆಲಸದ ಜಾಗದಲ್ಲೇ, ಒಂದಾದ ಮೇಲೊಂದು ವಿಭಾಗದಲ್ಲಿ ಕೆಲಸ ಕಲಿಯುತ್ತಾ ಕಳೆಯುತ್ತಾರೆ. ಶಾಲೆಯಲ್ಲಿದ್ದಾಗಲೇ ಸ್ವಲ್ಪ ಕಾಲ ಸಂಬಳಕ್ಕೆ ದುಡಿದವರಿಗೆ ಮುಂದೆ ಕೆಲಸ ಸಿಗುವುದು ಜಾಸ್ತಿ ಅಂತ ಸಂಶೋಧನೆಗಳೂ ಹೇಳುತ್ತವೆ.

ಇನ್ನು 18. ಬಹಳಷ್ಟು ದೇಶಗಳಲ್ಲಿ ಅವತ್ತಿನಿಂದ ಕಾನೂನಿನ ಕಣ್ಣಿಗೆ ಅವಳು ದೊಡ್ಡವಳು, ನಿಮ್ಮ ಸಹಿ ತಾನಾಗಿಯೇ ನಡೆಯುವುದಿಲ್ಲ. ತುಂಬಾ ಜನ ಆಗ ಗಾಬರಿಬಿದ್ದು ಗಾರ್ಡಿಯನ್‌ಶಿಪ್‌ಗೆ, ಅಂದರೆ ಮಗುವಿನ ಪರವಾಗಿ ನಿರ್ಧರಿಸುವ ಕಾನೂನಿನ ಅಧಿಕಾರಕ್ಕೆ, ಓಡುತ್ತಾರೆ. ಇರೋದು ಅದೊಂದೇ ದಾರಿ ಅಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಒಡಂಬಡಿಕೆಯ 12ನೇ ವಿಧಿ, ಇವರ ನಿರ್ಧಾರಕ್ಕೂ ಎಲ್ಲರಷ್ಟೇ ಬೆಲೆ ಇದೆ, ನಿರ್ಧರಿಸೋಕೆ ಬೇಕಾದ ನೆರವು ಸಿಗಬೇಕು ಅನ್ನುತ್ತದೆ. ಅಂದರೆ ನೀವು ಬಿಡಿಸಿ ಹೇಳುತ್ತೀರಿ, ಬೇಕು ಬೇಡ ಅನ್ನುವುದು ಅವಳು.

ಅಂದ ಹಾಗೆ, ನಿಮ್ಮ ಪ್ರಶ್ನೆಯಲ್ಲಿ ಅವಳಿಗೆ ಏನು ಇಷ್ಟ ಅನ್ನೋದು ಎಲ್ಲೂ ಬರಲಿಲ್ಲ. ಕೇಳಿದ್ದೀರಾ? ಮಾತು ಕಷ್ಟವಾದರೆ ಎರಡು ಮೂರು ಕೆಲಸದ ಜಾಗ ತೋರಿಸಿ, ಎಲ್ಲಿಂದ ಹೊರಡೋಕೆ ಮನಸ್ಸು ಮಾಡಲಿಲ್ಲ ಅಂತ ನೋಡಿ. ಮುಂದಿನ ಸಲ ಡಾಕ್ಟರು ‘ಹೇಗಿದ್ದೀಯಮ್ಮ’ ಅಂದಾಗ ಮನಸ್ಸಿನಲ್ಲೇ ಹತ್ತು ಎಣಿಸಿ, ಅಲ್ಲಿಯವರೆಗೆ ನೀವು ಬಾಯಿ ತೆರೆಯಬೇಡಿ.