ತಾಯಿ ಕಡೆ ಮಾತ್ರ ಕೇಳಿದರೆ ಸಾಲದು: ಅಂಡಾಶಯದ ಕ್ಯಾನ್ಸರ್ ಮತ್ತು ಬಿಆರ್‌ಸಿಎ ಜೀನ್

ಅಂಡಾಶಯದ ಕ್ಯಾನ್ಸರ್ ಬಂದ ಮನೆಗಳಲ್ಲಿ ಈಗ ಎರಡು ಮಾತು ಕೇಳಿಬರುತ್ತವೆ. ಬಿಆರ್‌ಸಿಎ ಜೀನ್ ಕೆಟ್ಟಿದ್ದರೆ ಕಾಯಿಲೆ ಬರುವ ಸಂಭವ ಜಾಸ್ತಿ ಎಂಬುದು ಒಂದು. ಅದು ಕೆಟ್ಟಿದ್ದವರಿಗೇ ಮದ್ದು ಚೆನ್ನಾಗಿ ಹಿಡಿಯುತ್ತದೆ ಎಂಬುದು ಇನ್ನೊಂದು. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕದ ಕಡೆಯಿಂದ ಒಮ್ಮೆ ಮಂಗಳೂರಿಗೆ, ಇನ್ನೊಮ್ಮೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಓಡಾಡುವವರಿಗೆ ತಲೆ ಕೆಡುವುದು ಸಹಜ. ಎರಡು ಮಾತೂ ನಿಜ.

ಈ ಕಾಯಿಲೆ, ಸ್ತನ ಕ್ಯಾನ್ಸರ್ ಎರಡೂ ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ವೈದ್ಯರು ಹಿಂದಿನಿಂದಲೂ ಗಮನಿಸಿದ್ದರು. 1990ರಲ್ಲಿ ಅಮೆರಿಕದ ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ ಮನೆತನದಲ್ಲಿ ಬರುವ ಸ್ತನ ಕ್ಯಾನ್ಸರಿನ ಜಾಡನ್ನು 17ನೇ ಕ್ರೋಮೋಸೋಮಿನಲ್ಲಿ ಹಿಡಿದರು. 1994ರಲ್ಲಿ ಬಿಆರ್‌ಸಿಎ 1, ಮರುವರ್ಷ ಬಿಆರ್‌ಸಿಎ 2 ಕೈಗೆ ಸಿಕ್ಕವು. ಜೀವಕೋಶದ ಡಿಎನ್‌ಎ ತುಂಡಾದಾಗ ಅದನ್ನು ಸರಿಪಡಿಸುವುದು ಈ ಜೀನುಗಳ ಕೆಲಸ. ರಿಪೇರಿ ನಿಂತರೆ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದರೆ ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್‌ನಂಥ ಕೀಮೋ ಮದ್ದುಗಳು ಡಿಎನ್‌ಎಯನ್ನೇ ಹಾಳುಮಾಡುವವು. ರಿಪೇರಿ ಗೊತ್ತಿಲ್ಲದ ಗಡ್ಡೆ ಆ ಪೆಟ್ಟನ್ನು ತಾಳಲಾರದು. 2012ರಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನದಲ್ಲಿ ಐದು ವರ್ಷ ಬದುಕಿದವರು ಜೀನ್ ದೋಷವಿಲ್ಲದವರಲ್ಲಿ ಶೇ. 36, ಬಿಆರ್‌ಸಿಎ 1 ದೋಷವಿದ್ದವರಲ್ಲಿ ಶೇ. 44, ಬಿಆರ್‌ಸಿಎ 2ರಲ್ಲಿ ಶೇ. 52. ಈ ಅನುಕೂಲ ಕೊನೆತನಕ ಹಾಗೆಯೇ ಉಳಿಯುವುದಿಲ್ಲ, ಅದೂ ಬಿಆರ್‌ಸಿಎ 1ರವರಿಗೆ.

ಮುಂದಿನ ತಿರುವು, ಡಿಎನ್‌ಎ ರಿಪೇರಿಗೆ ನೆರವಾಗುವ ಪಾರ್ಪ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆ. ಮಳೆಗೆ ಸಂಕ ಮುರಿದ ಊರಿನ ಇನ್ನೊಂದು ದಾರಿಯನ್ನೂ ಮುಚ್ಚಿದ ಹಾಗೆ, ಗಡ್ಡೆಗೆ ಉಳಿದ ರಿಪೇರಿ ದಾರಿಯನ್ನು ಅದು ಕಟ್ಟುತ್ತದೆ. 2005ರಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದು 2014ರ ಕೊನೆಗೆ ಒಲಾಪರಿಬ್ ಹೆಸರಿನಲ್ಲಿ ಅಮೆರಿಕದ ಪೇಟೆಗೆ ಬಂತು. ಬಿಆರ್‌ಸಿಎ ದೋಷವಿದ್ದು, ಕಾಯಿಲೆ ಬಲಿತ ಮೇಲೆ ಪತ್ತೆಯಾಗಿ, ಮೊದಲ ಕೀಮೋಗೆ ಬಗ್ಗಿದವರಿಗೆ ಅದನ್ನು ಕೊಟ್ಟು ನೋಡಿದಾಗ, ಏಳು ವರ್ಷದ ಬಳಿಕ ಬದುಕಿದ್ದವರು ಶೇ. 67, ಬರೀ ತೋರಿಕೆಯ ಮಾತ್ರೆ ನುಂಗಿದವರಲ್ಲಿ ಶೇ. 46.5.

ಅಂದರೆ ಜೀನ್ ಪರೀಕ್ಷೆ ಈಗ ಚಿಕಿತ್ಸೆಯದೇ ಭಾಗ. ಗೊಂದಲ ಇರುವುದು ಅದನ್ನು ಯಾರಿಗೆ ಮಾಡಿಸಬೇಕು ಎಂಬಲ್ಲಿ. ಒ.ಪಿ.ಯಲ್ಲಿ ‘ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ?’ ಎಂದು ಕೇಳುತ್ತಾರೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಯವರು ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಹೆಸರನ್ನು ಪಟಪಟನೆ ಹೇಳುತ್ತಾರೆ. ಸೋದರತ್ತೆ ಯಾವುದರಲ್ಲಿ ತೀರಿಹೋದರೆಂದು ಗೊತ್ತಿರುವುದಿಲ್ಲ, ಅವರು ಬೇರೆ ತರವಾಡು, ಅಂದರೆ ಬೇರೆ ಮೂಲಮನೆ. ತಂದೆಯ ಕಡೆಯಿಂದ ಎಣಿಸುವ ಮಕ್ಕಳಕಟ್ಟಿನವರಲ್ಲಿ ಇದೇ ತಿರುಗಾಮುರುಗಾ. ಜೀನಿಗೆ ಎರಡು ಕಟ್ಟೂ ಒಂದೇ: ದೋಷ ತಂದೆಯಲ್ಲಿರಲಿ, ತಾಯಿಯಲ್ಲಿರಲಿ, ಪ್ರತಿ ಮಗುವಿಗೂ ದಾಟುವ ಸಂಭವ ಅರ್ಧಕ್ಕರ್ಧ. ಸಾಲದ್ದಕ್ಕೆ ಹಳಬರ ಸಾವುಗಳೆಲ್ಲ ‘ಹೊಟ್ಟೆಯಲ್ಲಿ ಗಡ್ಡೆ’, ‘ಹೊಟ್ಟೆಗೆ ನೀರು ತುಂಬಿದ್ದು’ ಎಂದೇ ನೆನಪಾಗಿ ಉಳಿದಿವೆ. ಹಾಗಾಗಿಯೇ ಈಗಿನ ಮಾರ್ಗಸೂಚಿಗಳು ಮನೆಯ ಚರಿತ್ರೆ ಇರಲಿ ಬಿಡಲಿ, ಹೆಚ್ಚಿನವರಲ್ಲಿ ಕಾಣುವ ಎಪಿಥೀಲಿಯಲ್ ಬಗೆಯ ಅಂಡಾಶಯದ ಕ್ಯಾನ್ಸರ್ ಇರುವ ಎಲ್ಲರಿಗೂ ಪರೀಕ್ಷೆ ಮಾಡಿಸಿ ಎನ್ನುತ್ತವೆ.

ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರ್ ಎಂದ ಕೂಡಲೇ ಮಾತು ಎಂಡೋಸಲ್ಫಾನ್ ಕೀಟನಾಶಕದ ಕಡೆ ಹೊರಳುತ್ತದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ವಿಷದ ಸಂಕಟ ಸಣ್ಣದಲ್ಲ. ಆದರೆ ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದರೆ ರೋಗಿಯ ಮಗಳ ರಕ್ತ ಪರೀಕ್ಷೆ ಮರೆತೇಹೋಗುತ್ತದೆ. ಇನ್ನು ಗಡಿ: ಕೇರಳದ ಆರೋಗ್ಯ ಕಾರ್ಡು ಮಂಗಳೂರಿನ ಎಲ್ಲ ಆಸ್ಪತ್ರೆಗಳಲ್ಲಿ ನಡೆಯದು. 2020ರಲ್ಲಿ, ಕೋವಿಡ್ ಹೊತ್ತಿಗೆ, ಕರ್ನಾಟಕ ತಲಪಾಡಿಯ ಗಡಿ ಮುಚ್ಚಿದ ದಿನಗಳನ್ನು ಇಲ್ಲಿನ ರೋಗಿಗಳು ಮರೆತಿಲ್ಲ.

ಅಂಡಾಶಯದ ಕ್ಯಾನ್ಸರಿನಿಂದಾಗುವ ಸಾವನ್ನು ತಗ್ಗಿಸುವಂಥ ತಪಾಸಣೆ ಇನ್ನೂ ಸಿಕ್ಕಿಲ್ಲ. ಸ್ಕ್ಯಾನಿಂಗ್, ಸಿಎ 125 ಎಂಬ ರಕ್ತ ಪರೀಕ್ಷೆ ಎರಡನ್ನೂ ಬ್ರಿಟನ್ನಿನಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿಯಾಗಿದೆ. ಬಿಆರ್‌ಸಿಎ 1 ದೋಷ ಇರುವವರಿಗೆ, ಮಕ್ಕಳಾದ ಮೇಲೆ, 35ರಿಂದ 40ರ ಒಳಗೆ ಅಂಡಾಶಯ ಮತ್ತು ಅಂಡನಾಳ ತೆಗೆಸುವುದು ಈಗಿರುವ ಸಲಹೆ. ಪುತ್ತೂರಿಗೋ ದುಬೈಗೋ ಮದುವೆಯಾಗಿ ಹೋದ ಮಗಳಿಗೆ ತಾಯಿಯ ರಿಪೋರ್ಟಿನ ಒಂದು ಪ್ರತಿ ತಲುಪಬೇಕಾದದ್ದು ಆ ವಯಸ್ಸಿಗೆ ಮುಂಚೆ.