ಅಂಚಿನ ಕಪ್ಪು ಗೆರೆ ರೆಂಡರ್‌ನ ತಪ್ಪಲ್ಲ

ಡೊಂಬಿವಲಿಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹೊತ್ತುಕೊಂಡು ಮುಂಬೈಯ ಗೋರೆಗಾಂವ್‌ವರೆಗೆ ನನ್ನ ಬಳಿ ಬಂದಿದ್ದಳು. ಕೋರ್ಸಿನ ಕೊನೆಯ ಪ್ರಾಜೆಕ್ಟ್. ಚಾಳಿನ ಜಗಲಿಯಲ್ಲಿ ನಿಂತ ಹುಡುಗನ ತಲೆಯ ಮೇಲೆ ಕಂಪ್ಯೂಟರಿನಲ್ಲಿ ಮಾಡಿದ ಯಕ್ಷಗಾನದ ಕಿರೀಟ ಮೂಡುವ ಎಂಟು ಸೆಕೆಂಡಿನ ಶಾಟ್. ಊರಿನ ಮೇಳದ ಫೋಟೊಗಳನ್ನು ನೋಡಿ ಒಂದೊಂದು ಕನ್ನಡಿ ಚೂರನ್ನೂ ಅಂಚಿನ ಒಂದೊಂದು ಮಣಿಯನ್ನೂ ತಾನೇ ಮಾಡೆಲ್ ಮಾಡಿದ್ದಳು. ನೋಡಿ ಮನಸ್ಸು ತುಂಬಿತು. ಆದರೆ ಆಕಾಶಕ್ಕೆ ಎದುರಾದ ಕಡೆಯಲ್ಲೆಲ್ಲ ಕಿರೀಟದ ಸುತ್ತ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಕನ್ನಡಿಗಳ ಅಕ್ಕಪಕ್ಕದಲ್ಲಿ ಮಿಣುಕುವ ಬಿಳಿ ಚುಕ್ಕೆಗಳು.

"ಸ್ಯಾಂಪಲ್ ಸಾಲದು ಸರ್, ನಾಲ್ಕು ಪಟ್ಟು ಏರಿಸಿ ಮತ್ತೆ ರೆಂಡರ್‌ಗೆ ಹಾಕುತ್ತೇನೆ" ಎಂದಳು. ರೆಂಡರ್ ಎಂದರೆ ಕಂಪ್ಯೂಟರ್ ದೃಶ್ಯವನ್ನು ಲೆಕ್ಕಹಾಕಿ ಚಿತ್ರವಾಗಿಸುವ ಕೆಲಸ, ಸ್ಯಾಂಪಲ್ ಎಂದರೆ ಅದಕ್ಕಾಗಿ ಪ್ರತಿ ಪಿಕ್ಸೆಲ್‌ಗೆ ಹಾಯಿಸುವ ಬೆಳಕಿನ ಕಿರಣಗಳು.

ಮೊದಲು ಲೆಕ್ಕ ಹಾಕೋಣ ಎಂದೆ. ಸೆಕೆಂಡಿಗೆ 24ರಂತೆ 192 ಫ್ರೇಮ್. ಅವಳ ಯಂತ್ರದಲ್ಲಿ ಒಂದಕ್ಕೆ 10 ನಿಮಿಷ, ಒಟ್ಟು 32 ಗಂಟೆ. ನಾಲ್ಕು ಪಟ್ಟಾದರೆ 128 ಗಂಟೆ, ಅಂದರೆ ಐದು ದಿನಕ್ಕೂ ಹೆಚ್ಚು. ಒಪ್ಪಿಸಲು ಉಳಿದಿದ್ದದ್ದು ನಾಲ್ಕೇ ದಿನ. ಇಷ್ಟು ಮಾಡಿದರೂ ನಾಯ್ಸ್, ಅಂದರೆ ಚಿತ್ರದ ಕಾಳುಕಾಳು ಕಲೆ, ಇಳಿಯುವುದು ಅರ್ಧಕ್ಕಷ್ಟೇ. ಕಪ್ಪು ಗೆರೆಯಂತೂ ಇದ್ದಲ್ಲೇ ಇರುತ್ತದೆ, ಏಕೆಂದರೆ ಅದು ರೆಂಡರ್‌ನಲ್ಲಿ ಹುಟ್ಟಿದ್ದೇ ಅಲ್ಲ. ವಿದ್ಯಾರ್ಥಿಗಳು ರಾತ್ರಿಗಟ್ಟಲೆ ನಿದ್ದೆಗೆಟ್ಟು ಕಳೆದುಕೊಳ್ಳುವುದು ಇಲ್ಲಿಯೇ, ಇದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಗೆರೆಯ ಮೇಲಿನ ಒಂದೇ ಒಂದು ಪಿಕ್ಸೆಲ್ ಹಿಡಿಯಿರಿ. ಅದರ ಅರ್ಧ ಭಾಗವನ್ನು ಕಿರೀಟ ಮುಚ್ಚಿದೆ, ಉಳಿದರ್ಧ ಖಾಲಿ. ಹಾಗಾಗಿ ಆಲ್ಫಾ, ಅಂದರೆ ಪಿಕ್ಸೆಲ್ ಎಷ್ಟು ಮುಚ್ಚಿದೆ ಎಂಬ ಅಳತೆ, 0.5. ಚಿನ್ನದ ಬಣ್ಣದ ಬೆಲೆ 0.8 ಎಂದುಕೊಳ್ಳೋಣ. ರೆಂಡರ್ ಉಳಿಸುವ ಇಎಕ್ಸ್‌ಆರ್ ಎಂಬ ಚಿತ್ರ ಕಡತದಲ್ಲಿ ಬಣ್ಣವನ್ನು ಆಲ್ಫಾದಿಂದ ಮೊದಲೇ ಗುಣಿಸಿ ಇಡುವುದು ರೂಢಿ, ಅಂದರೆ ಅಲ್ಲಿರುವುದು 0.4. ಹಿಂದಿನ ಆಕಾಶ 1 ಆದರೆ ಅದರ ಅರ್ಧ 0.5 ಸೇರಿ 0.9 ಬರಬೇಕು. ಚಿನ್ನಕ್ಕೂ ಆಕಾಶಕ್ಕೂ ನಡುವಿನ ಬಣ್ಣ, ಕಣ್ಣಿಗೆ ಹಿತ. ಕಿರೀಟವನ್ನೂ ವಿಡಿಯೊವನ್ನೂ ಒಂದಾಗಿ ಜೋಡಿಸುವ ಅವಳ ಕಾಂಪೋಸಿಟಿಂಗ್ ಕಡತದಲ್ಲಿ ಆಲ್ಫಾ 'ಸ್ಟ್ರೈಟ್', ಅಂದರೆ ಬಣ್ಣವನ್ನು ಇನ್ನೂ ಗುಣಿಸಿಲ್ಲ, ಎಂದು ಆಯ್ಕೆಯಾಗಿತ್ತು. ಹಾಗಾಗಿ ತಂತ್ರಾಂಶ 0.4ನ್ನು ಮತ್ತೊಮ್ಮೆ ಅರ್ಧಮಾಡಿ 0.2 ಮಾಡಿತು. ಮೊತ್ತ 0.7. ಚಿನ್ನಕ್ಕಿಂತಲೂ ಕಪ್ಪು, ಆಕಾಶಕ್ಕಿಂತಲೂ ಕಪ್ಪು. ಗೆರೆ ಎಂದರೆ ಇದೇ.

ಆಯ್ಕೆಯನ್ನು 'ಪ್ರೀಮಲ್ಟಿಪ್ಲೈಡ್' (ಮೊದಲೇ ಗುಣಿಸಿದ್ದು) ಎಂದು ಬದಲಿಸಿದ ಕೂಡಲೇ ಗೆರೆ ಮಾಯವಾಯಿತು. ಪಿಎನ್‌ಜಿ ಎಂಬ ಇನ್ನೊಂದು ಬಗೆಯ ಚಿತ್ರ ಕಡತದಲ್ಲಿ ಇದು ತಿರುಗುಮುರುಗು, ಅದರ ನಿಯಮದಂತೆ ಬಣ್ಣವನ್ನು ಗುಣಿಸದೆಯೇ ಇಡಬೇಕು. ಅಮೆರಿಕದ ಚಿತ್ರ ಸಂಸ್ಥೆ ಲ್ಯೂಕಾಸ್‌ಫಿಲ್ಮ್‌ನಲ್ಲಿದ್ದ ಪೋರ್ಟರ್ ಮತ್ತು ಡಫ್ 1984ರಲ್ಲೇ ಈ ಗಣಿತವನ್ನು ಕ್ರಮವಾಗಿ ಬರೆದಿಟ್ಟರು. ಕೋರ್ಸುಗಳಲ್ಲಿ ನೋಡ್ (ತಂತ್ರಾಂಶದಲ್ಲಿ ಒಂದೊಂದು ಕೆಲಸದ ಡಬ್ಬಿ) ಜೋಡಿಸುವುದನ್ನು ಕಲಿಸುವ ಮೊದಲೇ ಇದನ್ನು ಕಾಗದದ ಮೇಲೆ ಬಿಡಿಸಿ ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೆರೆಯನ್ನು ಮುಚ್ಚಲು ಅವಳು ಅಂಚನ್ನು ಎರಡು ಪಿಕ್ಸೆಲ್ ಒಳಕ್ಕೆ ಕೊರೆದಿದ್ದಳು. ಆ ನೋಡ್ ತೆಗೆಸಿದೆ. ವಾರಗಟ್ಟಲೆ ಕೂತು ಮಾಡಿದ ಮಣಿಗಳ ಸಾಲು ಆಗ ಮೊದಲ ಬಾರಿಗೆ ಪೂರ್ತಿ ಕಾಣಿಸಿತು. ಬಣ್ಣ ತಿದ್ದುವಾಗಲೂ ಇದೇ ಎಚ್ಚರ ಬೇಕು: ಮೊದಲು ಆಲ್ಫಾದಿಂದ ಭಾಗಿಸಿ, ತಿದ್ದಿ, ಮತ್ತೆ ಗುಣಿಸಿ.

ಬಿಳಿ ಚುಕ್ಕೆಗಳು ಮಾತ್ರ ನಿಜಕ್ಕೂ ರೆಂಡರ್‌ನವು. ಪುಟ್ಟದೊಂದು ಪ್ರಖರ ದೀಪದ ಬೆಳಕು ಕನ್ನಡಿಗೆ ಬಡಿದು ಪಕ್ಕದ ಚಿನ್ನದ ಮೇಲೆ ಬೀಳುವ ದಾರಿ ಯಾವುದೋ ಒಂದು ಕಿರಣಕ್ಕೆ ಸಿಕ್ಕಿಬಿಡುತ್ತದೆ, ಆ ಪಿಕ್ಸೆಲ್ ಧಗ್ಗನೆ ಹೊಳೆಯುತ್ತದೆ. ದೀಪದ ಗಾತ್ರ ಹಿಗ್ಗಿಸಿದೆವು, ಪರೋಕ್ಷ ಬೆಳಕಿನ ಕ್ಲ್ಯಾಂಪ್, ಅಂದರೆ ಹೊಳಪಿನ ಮೇಲ್ಮಿತಿ, ಇಳಿಸಿದೆವು. ಅದನ್ನು ಅತಿಯಾಗಿ ಇಳಿಸಿದರೆ ಕಿರೀಟದ ಕಳೆಯೇ ಹೋಗುತ್ತದೆ, ಒಂದೇ ಫ್ರೇಮ್ ಮುಂದಿಟ್ಟುಕೊಂಡು ಹಂತಹಂತವಾಗಿ ಇಳಿಸಬೇಕು. ಮತ್ತೆ ರೆಂಡರ್ ಮಾಡಲು ಸಮಯವಿತ್ತು, 32 ಗಂಟೆ ಸಾಕು. ವಿಡಿಯೊ ಬೇಡ, ಬಿಡಿ ಫ್ರೇಮ್‌ಗಳಾಗಿ ಉಳಿಸು, ನಡುವೆ ಕರೆಂಟು ಹೋದರೂ ನಿಂತಲ್ಲಿಂದ ಮುಂದುವರಿಸಬಹುದು ಎಂದೆ.

ಇನ್ನೊಂದು ಉಳಿದಿತ್ತು. ಚಿತ್ರ ನೋಡುವ ಕಿಟಕಿಯಾದ ವ್ಯೂವರ್‌ನ ಗಾಮಾ ಏರಿಸಿ, ಅಂದರೆ ಕಪ್ಪು ಭಾಗಗಳನ್ನು ಬೆಳಗಿಸಿ ನೋಡಿದಾಗ, ಮಳೆಗಾಲದ ಮಬ್ಬಿನಲ್ಲಿ ಚಿತ್ರೀಕರಿಸಿದ ಜಗಲಿಯ ಅತಿ ಕಪ್ಪು ಜಾಗವೂ ಬೂದು ಬಣ್ಣಕ್ಕಿತ್ತು, ಕಿರೀಟದ ನೆರಳು ಮಾತ್ರ ಕಾಡಿಗೆಯಂತಿತ್ತು. ನೆರಳನ್ನು ಆ ಬೂದು ಬಣ್ಣಕ್ಕೆ ಏರಿಸಿ, ಕ್ಯಾಮೆರಾದ ಗ್ರೇನ್ (ಸಣ್ಣ ಕಾಳುಕಾಳು ಮಿಣುಕು) ಅನ್ನು ಕಿರೀಟದ ಮೇಲೂ ಹಾಕಿದೆವು. ಕಿರೀಟ ಹುಡುಗನ ತಲೆಯ ಮೇಲೆ ಕುಳಿತದ್ದು ಆಗಲೇ.