ಎಡೆಗಿಡುವ ನೆನಪು, ಎದುರಿಗಿದ್ದವರಿಗೆ ಯಾಕಿಲ್ಲ?

ಮಹಾಲಯ ಅಮಾವಾಸ್ಯೆಗೆ ನಮ್ಮ ಹಳೇ ಮೈಸೂರು ಕಡೆಯವರು ಎಡೆ ಇಡುವುದನ್ನು ಗಮನಿಸಿ. ತಾತನಿಗೆ ಬೀಡಿ ಕಟ್ಟು, ಅಜ್ಜಿಗೆ ಎಲೆಅಡಿಕೆ ಜತೆ ಕಡ್ಡಿಪುಡಿ, ದೊಡ್ಡಪ್ಪನಿಗೆ ನಾಟಿಕೋಳಿ ಸಾರು. ಯಾರಿಗೆ ಏನು ಇಷ್ಟವಿತ್ತು ಅನ್ನುವುದರಲ್ಲಿ ಒಂದೂ ತಪ್ಪುವುದಿಲ್ಲ. ಇಂಥವರು, ಇಂಥದ್ದು ಎಂದು ಬಿಡಿಬಿಡಿಯಾಗಿ ನೆನೆಯುವ ಇದಕ್ಕಿಂತ ಒಳ್ಳೆಯ ಕೃತಜ್ಞತೆಯ ಅಭ್ಯಾಸವನ್ನು ಆಪ್ತಸಮಾಲೋಚಕಿಯಾಗಿ ನಾನು ಯಾರಿಗೂ ಹೇಳಿಕೊಡಲಾರೆ. ಒಂದೇ ತೊಂದರೆ, ಈ ಮರ್ಯಾದೆ ಸಿಗಬೇಕೆಂದರೆ ಸತ್ತಿರಬೇಕು.

ಬದುಕಿರುವವರ ವಿಷಯಕ್ಕೆ ಬಂದರೆ ನಮ್ಮ ಬಾಯಿ ಕಟ್ಟುತ್ತದೆ. 'ಹೇಳದಿದ್ರೂ ಅವರಿಗೆ ಗೊತ್ತಿರುತ್ತೆ ಬಿಡಿ ಮೇಡಂ', 'ಮನೆಯವರಿಗೇ ಥ್ಯಾಂಕ್ಸ್ ಅಂದ್ರೆ ನಾಟಕ ಆಡ್ದಂಗಿರುತ್ತೆ' ಎನ್ನುವುದನ್ನು ಸಮಾಲೋಚನೆಯಲ್ಲಿ ಪದೇಪದೇ ಕೇಳುತ್ತೇನೆ. ಮನೋವಿಜ್ಞಾನಿಗಳಾದ ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಉಪಕಾರ ಮಾಡಿದವರಿಗೆ ಪತ್ರ ಬರೆಯಲು ಹೇಳಿ, ಓದಿದಾಗ ಅವರಿಗೆ ಹೇಗನಿಸಬಹುದು ಎಂದು ಬರೆದವರನ್ನೇ ಊಹಿಸಲು ಕೇಳಿದರು. ಬರೆದವರು ಅಂದುಕೊಂಡಷ್ಟು ಮುಜುಗರ ಓದಿದವರಿಗೆ ಆಗಿರಲಿಲ್ಲ. ಸಂತೋಷ ಅಂದುಕೊಂಡದ್ದಕ್ಕಿಂತ ಹೆಚ್ಚಿತ್ತು. ಬರೆಯುವವರು ಮಾತು ಸರಿಯಾಗಿ ಕೂತಿದೆಯೇ ಎಂದು ಒದ್ದಾಡುತ್ತಿದ್ದರೆ, ಓದುವವರಿಗೆ ಬೇಕಿದ್ದದ್ದು ಅದರ ಹಿಂದಿನ ಅಕ್ಕರೆ ಮಾತ್ರ.

ಹೇಳುವುದು ಹೇಗೆ? 'ನೀವಿಲ್ಲದಿದ್ರೆ ನಾನೇನೂ ಅಲ್ಲ' ಎಂಬ ಸಿನಿಮಾ ಮಾತು ಬೇಡ. 'ಪಿಯುಸಿ ಪರೀಕ್ಷೆ ದಿನ ಮಳೇಲಿ ನೆನ್ಕೊಂಡು ನನ್ನ ಸೆಂಟರ್‌ಗೆ ಬಿಟ್ಟು ಬಂದ್ಯಲ್ಲ ಮಾವ, ಅದು ಇನ್ನೂ ನೆನಪಿದೆ' ಎಂದರೆ ಸಾಕು. ಎದುರು ನಿಂತು ಹೇಳಲು ಆಗದಿದ್ದರೆ ವಾಟ್ಸಾಪ್ ಇದೆ. ಹಬ್ಬದ ದಿನ ನೂರು ಜನರಿಗೆ ಫಾರ್ವರ್ಡ್ ಮಾಡುವ ಹಣತೆ ಚಿತ್ರದ ಬದಲು ಒಬ್ಬರಿಗೆ ಇಂಥ ಎರಡು ಸಾಲು ಕಳಿಸಿ.

ಆದರೆ ಒಮ್ಮೆ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್‌ಮನ್ ತಂಡದ 2005ರ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದು ಖುದ್ದಾಗಿ ತಲುಪಿಸಿದವರ ಸಂತೋಷ ಚೆನ್ನಾಗಿಯೇ ಏರಿ, ಒಂದು ತಿಂಗಳು ಉಳಿದು, ಮೂರು ತಿಂಗಳ ಹೊತ್ತಿಗೆ ಇಳಿದುಹೋಗಿತ್ತು. ಇಲ್ಲಿ ನಮ್ಮ ಹಬ್ಬಗಳ ಸಾಲು ಅನುಕೂಲಕ್ಕೆ ಬರುತ್ತದೆ. ಮಹಾಲಯ, ನವರಾತ್ರಿ, ದೀಪಾವಳಿ ಎಂದು ಯಾರದೋ ಮನೆಗೆ ಹೋಗಲು ಮತ್ತೆ ಮತ್ತೆ ನೆಪ ಸಿಗುತ್ತದೆ. ಹಾಗೆಂದು, ನಮಗಾದ ಒಳ್ಳೆಯದನ್ನು ನೆನೆದು ಬರೆದಿಡುವ ಕೃತಜ್ಞತೆಯ ಡೈರಿಯನ್ನು ದಿನಾ ಬರೆಯಬೇಕಿಲ್ಲ. ವಾರಕ್ಕೊಮ್ಮೆ ಬರೆದವರಿಗೆ ಆದ ಲಾಭ ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲವೆಂದು ಮನೋವಿಜ್ಞಾನಿ ಸೋನ್ಯಾ ಲ್ಯೂಬೊಮಿರ್ಸ್ಕಿ ಕಂಡುಕೊಂಡಿದ್ದರು. 'ಆರೋಗ್ಯ, ಮನೆ, ಕೆಲಸ' ಎಂದು ಒಂದೇ ಪಟ್ಟಿ ಬರೆದರೆ ಮನಸ್ಸು ಅದಕ್ಕೂ ಒಗ್ಗಿಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ಐನೂರರ ನೋಟು ಕೊಟ್ಟರೂ ಗೊಣಗದ ಕಂಡಕ್ಟರ್ ನಿಮ್ಮ ಡೈರಿಗೆ ಬರಲಿ. ಅಂಥವರು ಇದ್ದಾರೆ, ನಂಬಿ.

ಇನ್ನೊಂದು ಮಗ್ಗುಲೂ ಇದೆ, ನನ್ನ ಹೆಚ್ಚಿನ ಕೆಲಸ ಇರುವುದು ಅಲ್ಲಿ. 'ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ್ವಿ, ಉಪಕಾರ ಸ್ಮರಣೆ ಬೇಡ್ವಾ?' ಎಂದು ಕೇಳಿಸಿಕೊಂಡು ಬೆಳೆದ ಮಕ್ಕಳು ಹಬ್ಬಕ್ಕೆ ಊರಿಗೆ ಹೋಗದಿರಲು ಕಾರಣ ಹುಡುಕುತ್ತಾರೆ. ಇದು ಕೃತಜ್ಞತೆಯ ಕೊರತೆಯಲ್ಲ, ಋಣಭಾರ. ಕೊಟ್ಟವರು ಪ್ರತಿಫಲ ಬಯಸಿದಷ್ಟೂ ಪಡೆದವರಲ್ಲಿ ಋಣಭಾರ ಏರಿ ಕೃತಜ್ಞತೆ ಇಳಿಯುತ್ತದೆಂದು ಮನೋವಿಜ್ಞಾನಿ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ಕೃತಜ್ಞತೆಯನ್ನು ಕೇಳಿ ಪಡೆಯಲಾಗದು. ಖಿನ್ನತೆಯಲ್ಲಿರುವವರಿಗಂತೂ 'ನಿನಗೇನು ಕಡಿಮೆಯಾಗಿದೆ, ಇರೋದನ್ನ ನೆನೆ' ಎನ್ನಲೇಬೇಡಿ. ಅವರ ನೋವಿನ ಪಟ್ಟಿಗೆ ತಪ್ಪಿತಸ್ಥ ಭಾವವೂ ಸೇರಿಕೊಳ್ಳುತ್ತದೆ. ಅಂಥವರ ಪಕ್ಕ ಕೂತು, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಕೊಡಿ. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ಮಾತಾಡಬಹುದು.

ಬೀದಿಯ ಮಾತೂ ಸ್ವಲ್ಪ ಹೇಳಬೇಕು. ಆಯುಧಪೂಜೆಯ ದಿನ ಸ್ಕೂಟರ್‌ಗೆ ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಕುಮ ತುಂಬಿದ ಬೂದುಗುಂಬಳ ಒಡೆಯುತ್ತೇವೆ. ಅದರ ಹೋಳುಗಳ ಮೇಲೆ ಜಾರಿ ಬೀಳುವವರು ಬೇರೆಯವರು, ಬೆಳಗಾಗೆದ್ದು ಅದನ್ನೂ ಬಾಳೆಕಂದುಗಳನ್ನೂ ಗುಡಿಸುವವರು ಪೌರಕಾರ್ಮಿಕರು. ಅವರ ಕೈಗೆ ಒಂದು ಸಿಹಿ ಪೊಟ್ಟಣ ಕೊಡುವುದು ಒಳ್ಳೆಯದೇ. ಅದಕ್ಕೂ ಮೊದಲು ನೀವು ಒಡೆದದ್ದನ್ನು ನೀವೇ ಬಳಿದು ಹಸಿಕಸಕ್ಕೆ ಹಾಕಿ. ಕುಂಬಳದ ಒಳಗಿಟ್ಟ ನಾಣ್ಯಗಳನ್ನು ಆಯ್ದುಕೊಳ್ಳಲು ಬೀದಿಯ ಮಕ್ಕಳು ಹೇಗೂ ಮುಂಚೆಯೇ ಬಂದಿರುತ್ತಾರೆ. ಮನೆಗೆಲಸದವರಿಗೆ ದೀಪಾವಳಿ ಬೋನಸ್ಸನ್ನು ಹಬ್ಬದ ರಾತ್ರಿ ಕೊಡಬೇಡಿ, ಒಂದು ವಾರ ಮೊದಲೇ ಕೊಡಿ. ಅವರ ಮನೆಯಲ್ಲೂ ಬಟ್ಟೆ ಪಟಾಕಿ ಆಗಬೇಕು.